ಹದಿನೈದು ಗಜ

ಶನಿವಾರ ಬೆಳಿಗ್ಗೆ ಸಾಮಾನು ಕೋಣೆಯ ಬೀಗ ತೆಗೆದೆ.
ಐವತ್ತೊಂದು ಹೆಲ್ಮೆಟ್ಟು ಗೂಟಕ್ಕೆ ನೇತಾಡುತ್ತಿವೆ,
ಬೆವರು, ರಬ್ಬರು, ಒದ್ದೆ ಹುಲ್ಲಿನ ವಾಸನೆ.
ಒಂದು ಮಾತ್ರ ನೆಲದ ಮೇಲೆ, ಅಂಗಾತ:
ನಲವತ್ತನಾಲ್ಕು. ರೋಮನ್ ಕೊವಾಲ್‌ಚಿಕ್‌ನದು.
ನೆತ್ತಿಯ ಮೇಲೆ ಅಂಗೈಯಗಲ ಕೆಂಪು.

ರಕ್ತವಲ್ಲ, ಗಾಬರಿ ಬೇಡ. ಬಣ್ಣ.
ಎದುರು ತಂಡದ ಹುಡುಗನ ಹೆಲ್ಮೆಟ್ಟಿನದು,
ಹೊಡೆದ ರಭಸಕ್ಕೆ ಕಿತ್ತುಕೊಂಡು ಬಂದು
ಇಲ್ಲೇ ನೆಲೆಸಿಬಿಟ್ಟಿದೆ.

ಇಪ್ಪತ್ತೆರಡು ವರ್ಷದಿಂದ ಈ ಜಾನ್ಸ್‌ಟೌನಿನಲ್ಲಿ
ಮಕ್ಕಳ ತಲೆಯ ಅಳತೆ ತೆಗೆಯುವುದು ನನ್ನ ಕೆಲಸ.
ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಟೇಪು ಸುತ್ತುತ್ತೇನೆ,
ಕೆನ್ನೆಗೆ ಮೆತ್ತೆ, ಗದ್ದಕ್ಕೆ ಪಟ್ಟಿ, ಪಂಪಿನಿಂದ ಒಂದಿಷ್ಟು ಗಾಳಿ,
ಆಮೇಲೆ ಮುಖದ ಜಾಲರಿ ಹಿಡಿದು ಅಲ್ಲಾಡಿಸಿ
'ತಲೆ ಅಲ್ಲಾಡುತ್ತಾ ಒಳಗೆ?' ಅನ್ನುತ್ತೇನೆ.
'ಇಲ್ಲ ಮಿಸೆಸ್ ಯಾನೋಸ್ಕಿ', ಎಲ್ಲರದೂ ಒಂದೇ ಉತ್ತರ.
ಒಳಗಿನದರ ಒಳಗಿರುವುದು ಅಲ್ಲಾಡಿದರೆ
ನನ್ನ ಟೇಪಿಗೆ ಗೊತ್ತಾಗುವುದಿಲ್ಲ.
ಹೆಲ್ಮೆಟ್ಟಿಗೊಂದು ಎಚ್ಚರಿಕೆಯ ಚೀಟಿ ಇದೆ, ಸಣ್ಣಕ್ಷರ:
ಇದನ್ನು ತೊಟ್ಟು ಯಾರಿಗೂ ಡಿಕ್ಕಿ ಹೊಡೆಯಬೇಡ.
ಅಂಟಿಸಿರುವುದು ಹಿಂದಲೆಗೆ. ತೊಟ್ಟವನಿಗೆ ಕಾಣದು.

ನಿನ್ನೆ ರಾತ್ರಿ, ಮೂರನೇ ಕ್ವಾರ್ಟರು.
ಚೆಂಡು ಆ ಹುಡುಗನ ಬೆರಳ ತುದಿಗೆ ಬಂದಿತ್ತಷ್ಟೆ,
ಕೈ ಎರಡೂ ಮೇಲೆ, ಪಕ್ಕೆ ಪೂರಾ ಬಯಲು.
ರೋಮನ್ ತಲೆ ತಗ್ಗಿಸಿದ.
ತಗ್ಗಿ ಬಗ್ಗಿ ನಡೆ ಎಂದು ದೊಡ್ಡವರು ಹೇಳುವುದುಂಟು,
ಈ ಹುಲ್ಲಿನ ಮೇಲೆ ಆ ಮಾತೇ ತಲೆಕೆಳಗು:
ಇಲ್ಲಿ ತಲೆ ತಗ್ಗಿಸಿದರೆ ತಪ್ಪು,
ತಲೆಯೆತ್ತಿ ಹೊಡೆದರೆ ಆಟ.

ಪಿಂಗಾಣಿ ಬಟ್ಟಲು ಸಿಂಕಿಗೆ ಬಿದ್ದ ಸದ್ದು.
ಜನ ಮೊದಲು 'ಓಹೋ' ಎಂದರು,
ಆ ಓಹೋ ಅರ್ಧಕ್ಕೇ ನಿಂತು
ನಾಲ್ಕು ಸಾವಿರ ಬಾಯಿ ಹಾಗೇ ತೆರೆದುಕೊಂಡಿದ್ದವು.
ಹಳದಿ ಬಟ್ಟೆ ಹುಲ್ಲಿಗೆ ಬಿತ್ತು.
ಹದಿನೈದು ಗಜ ದಂಡ. ನಲವತ್ತನಾಲ್ಕು ಹೊರಗೆ.
ಮುಂದಿನ ಆಟಕ್ಕೂ ಇಲ್ಲ.

ರೆಫರಿ ಹೆಜ್ಜೆ ಎಣಿಸಿ ಹದಿನೈದು ಗಜ ನಡೆದ.
ಆ ಹುಡುಗ, ಥೇಡಿಯಸ್ ಪ್ರೂಯಿಟ್, ಹದಿನಾರು ವರ್ಷ,
ಎದ್ದು ಕೂತು ಕೇಳಿದನಂತೆ:
ಇವತ್ತು ಸ್ಕೂಲು ಇದೆಯಾ?

ತೀರ್ಪು ಸರಿ. ನಾನು ಅಲ್ಲ ಅನ್ನುತ್ತಿಲ್ಲ.
ಆದರೆ ನಲವತ್ತನಾಲ್ಕರ ಎಡಗಿವಿಯ ಹತ್ತಿರ
ಏಳು ಸ್ಟಿಕ್ಕರುಗಳಿವೆ, ಪುಟ್ಟ ಪುಟ್ಟ ಸುತ್ತಿಗೆ;
ಹೋದ ವರ್ಷ ಒಂದೊಂದು ಭಾರಿ ಹೊಡೆತಕ್ಕೆ ಒಂದೊಂದು.
ಕೋಚ್ ಹೆಸರು ಕೂಗುತ್ತಿದ್ದರು,
ಹುಡುಗರು ಬೆಂಚು ಗುದ್ದುತ್ತಿದ್ದರು,
ಅಂಟಿಸಿದವಳು ನಾನು,
ಗುಳ್ಳೆ ಏಳದಂತೆ ಹೆಬ್ಬೆರಳಿಂದ ಒತ್ತಿ ಒತ್ತಿ.
ನನಗೆ ಎಷ್ಟು ಗಜ?

ಸೋಮವಾರ ರೋಮನ್ ಬಂದ.
ಹೊಡೆದವನು ಇನ್ನೂ ದೊಡ್ಡವನಿರಬೇಕಿತ್ತು ಅನ್ನಿಸಿತು;
ಕೂದಲು ಒದ್ದೆ, ಕಿವಿ ಕೆಂಪು.
'ಥಿನ್ನರ್ ಹಾಕಿದ್ರಾ?'
'ಹೋಗ್ತಿಲ್ಲ' ಅಂದೆ.
ಸುಳ್ಳು. ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಭಾನುವಾರ ಪ್ರೂಯಿಟ್ ಮನೆಯ ಮೆಟ್ಟಿಲ ತನಕ ಹೋಗಿದ್ದನಂತೆ.
ತಾಯಿ ಬಾಗಿಲು ತೆಗೆದರಂತೆ.
ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು
ಒಂದೇ ಉಸಿರಿಗೆ, ಜೋರಾಗಿ ಅಂದುಬಿಟ್ಟನಂತೆ.
ಆಕೆ ಬೈಯಲಿಲ್ಲ. 'ಮೆಲ್ಲಗೆ ಮಾತಾಡಪ್ಪ,
ಸದ್ದು ಅವನಿಗೆ ಆಗೋದಿಲ್ಲ,
ಪರದೆ ಎಳೆದು ಮಲಗಿಸಿದ್ದೀನಿ.'

ಇದನ್ನು ಹೇಳುವಾಗಲೂ ಅವನದು ಪಿಸುಮಾತೇ,
ಐವತ್ತೊಂದು ಖಾಲಿ ತಲೆಗಳ ಹೊರತು
ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ.

ಅವನು ಹೋದ ಮೇಲೆ
ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು
ಉಗುರಿನಿಂದ ಮೊದಲ ಸುತ್ತಿಗೆಯ ಅಂಚು ಎಬ್ಬಿಸತೊಡಗಿದೆ.
ಅಂಟು ಗಟ್ಟಿ.
ನಾನೇ ಒತ್ತಿದ್ದು.